ಮಾವನ ಕಣ್ಣೀರು, ಪಾಂಗಾಳದ ಸ್ಟಾಪು

ಮನುಷ್ಯನು ಕಲಿತದ್ದು, ಕಂಡದ್ದು, ಕೂಡಿಟ್ಟದ್ದು ಎಲ್ಲವೂ ಒಂದಲ್ಲ ಒಂದು ದಿನ ಅವನನ್ನು ಬಿಟ್ಟು ಹೊರಡತಕ್ಕದ್ದೇ. ಆದರೆ ನನ್ನ ಸೋದರಮಾವನ ತಲೆಯಿಂದ ಮಾತ್ರ ಯಾವುದೂ ಅವರು ಸೀಟಿ ಊದದೆ ಹೊರಡುವಂತಿಲ್ಲ! ಉಡುಪಿಯ ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದು, ಒಂದೊಂದು ಬಸ್ಸನ್ನೂ ಗಡಿಯಾರ ನೋಡಿ ಹೊರಡಿಸಿದವರು ಅವರು. ಎಂದೋ ಒಂದು ಮಳೆಗಾಲದಲ್ಲಿ ಕಾರ್ಕಳದ ಬಸ್ಸು ನಾಲ್ಕು ನಿಮಿಷ ತಡವಾಗಿ ಬಂದದ್ದನ್ನು ಇನ್ನೂ ಕ್ಷಮಿಸಿಲ್ಲ. ಅದರ ಡ್ರೈವರ್ ತೀರಿಕೊಂಡೇ ಎಷ್ಟೋ ವರ್ಷವಾಯಿತು.

ಇಂಥವರಿಗೂ ಒಂದು ಹೆದರಿಕೆ. ಕಾಪುವಿನ ಮನೆ ಅವರಿಗೆ ಬಂದದ್ದು ಅವರ ಸೋದರಮಾವನಿಂದ. ನಮ್ಮಲ್ಲಿ ಹಿಂದೆ ಆಸ್ತಿ ಮಗನಿಗಲ್ಲ, ಸಹೋದರಿಯ ಮಗನಿಗೆ, ಅದೇ ಅಳಿಯಕಟ್ಟು. ಆ ಹಿರಿಯರು ಕೊನೆಗಾಲದಲ್ಲಿ ತಮ್ಮದೇ ಜಗಲಿಯಲ್ಲಿ ಕುಳಿತು, ಈ ಮನೆಯವರು ಯಾವಾಗ ಬರುತ್ತಾರೆ ಎಂದು ಬಂದವರನ್ನೆಲ್ಲ ಕೇಳುತ್ತಿದ್ದರು. ಮನೆ ಬಂದ ದಾರಿಯಲ್ಲೇ ಮರೆವೂ ಬರುತ್ತದೆ ಎಂಬುದು ಮಾವನ ಸಿದ್ಧಾಂತ. ಹಾಗಾದರೆ ಅವರ ನಂತರದ ವಾರಸುದಾರ ಯಾರು? ಈ ಬಡಪಾಯಿಯೇ!

ಆದ್ದರಿಂದ ಕಾರ್ಕಳದಲ್ಲಿ ನಿವೃತ್ತ ಮಾಸ್ತರನಾಗಿ ನೆಮ್ಮದಿಯಿಂದಿದ್ದ ನನಗೆ ದಿನಾ ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ಮೌಖಿಕ ಪರೀಕ್ಷೆ.

"ಉಡುಪಿಯಿಂದ ಕಾಪುವಿಗೆ ಸ್ಟಾಪು ಹೇಳು."

"ಉದ್ಯಾವರ, ಕಟಪಾಡಿ, ಕಾಪು."

"ಪಾಂಗಾಳ ಎಲ್ಲಿ ಹೋಯ್ತು ಮಾರಾಯ?"

ಹಲ್ಲುಜ್ಜುತ್ತಾ ಹೇಳಿದ್ದರಿಂದ ಬಿಟ್ಟುಹೋಯಿತು ಎಂದೆ. ಮರುದಿನ ಹಲ್ಲುಜ್ಜಿ ಆಗಿತ್ತು. ಪಾಂಗಾಳ ಮತ್ತೆ ಬಿಟ್ಟುಹೋಯಿತು.

ಇಷ್ಟರಲ್ಲಿ, ಕಣ್ಣೀರು ಮತ್ತು ರಕ್ತ ನೋಡಿ ಮರೆವಿನ ಕಾಯಿಲೆಯನ್ನು ಮೊದಲೇ ಪತ್ತೆ ಹಚ್ಚಲಾದೀತೇ ಎಂದು ಮಣಿಪಾಲದಲ್ಲಿ ಯಾರೋ ಅಧ್ಯಯನ ನಡೆಸುತ್ತಿರುವ ಸುದ್ದಿ ಮಾವನಿಗೆ ಮುಟ್ಟಿತು. ರಕ್ತವೇನೋ ಉಂಟು. ಕಣ್ಣೀರನ್ನು ಎಲ್ಲಿಂದ ತರುವುದು? ಹೆತ್ತ ತಾಯಿ ತೀರಿಕೊಂಡಾಗಲೂ ಮಾವ ಅತ್ತವರಲ್ಲ. ಹೆಣ ಎತ್ತುವುದು ಹನ್ನೊಂದು ನಿಮಿಷ ತಡವಾಯಿತೆಂದು ಗದರಿದವರು. ಈಗ ಅಭ್ಯಾಸಕ್ಕೆಂದು ಒಂದೇ ವಾರದಲ್ಲಿ ಎಲ್ಲೂರು, ಅಲೆವೂರು ಎಂದು ಮೂರು ಉತ್ತರಕ್ರಿಯೆಗಳಿಗೆ ಹೋಗಿಬಂದರು. ಒಂದು ಹನಿಯೂ ಬರಲಿಲ್ಲ. ಪಾಯಸ ಮಾತ್ರ ಎರಡು ಕಡೆ ಚೆನ್ನಾಗಿತ್ತಂತೆ.

ಅಳುವ ಅಗತ್ಯವೇ ಇಲ್ಲವೆಂದು ಮಣಿಪಾಲದಲ್ಲಿ ನರ್ಸ್ ಹೇಳಿ, ಕಾಗದದ ಸಣ್ಣ ಪಟ್ಟಿಯೊಂದನ್ನು ಮಾವನ ಕೆಳರೆಪ್ಪೆಯೊಳಗೆ ಸಿಕ್ಕಿಸಿದರು. ಐದು ನಿಮಿಷ ಇರಬೇಕು. ಮಾವ ಇನ್ನೊಂದು ಕಣ್ಣಿನಿಂದ ತಮ್ಮ ಕೈಗಡಿಯಾರ ನೋಡುತ್ತ, ಸಮಯ ಮುಗಿದದ್ದನ್ನು ತಾವೇ ಘೋಷಿಸಿದರು. ಆಮೇಲೆ ಜೊತೆಗೆ ಬಂದಿದ್ದ ನನ್ನತ್ತ ಕೈ ತೋರಿಸಿ, "ಇವನದ್ದೂ ತೆಗೆಯಿರಿ. ನನ್ನ ಹಿಂದೆ ಬರುವ ಬಸ್ಸು ಇವನೇ," ಎಂದರು.

ಮರೆವಿಗೆ ಅಳಿಯಕಟ್ಟು ಇಲ್ಲವೆಂದು ಡಾಕ್ಟರು ನಗುತ್ತ ತಿಳಿಸಿ ಹೇಳಿದರು.

"ಆಸ್ತಿಗೂ ಈಗ ಇಲ್ಲ ಡಾಕ್ಟ್ರೇ. ಆದರೂ ಮನೆ ನನಗೆ ಬಂತಲ್ಲ?"

ಡಾಕ್ಟರು ಇನ್ನೊಂದು ಪಟ್ಟಿ ತರಿಸಿದರು. ಅರುವತ್ತು ದಾಟಿದ ನಾನೂ ಅಧ್ಯಯನಕ್ಕೆ ಆಗುತ್ತಿದ್ದೆನಾದ್ದರಿಂದ, ಸೂಜಿಗೆ ತೋಳು ಕೊಟ್ಟೆ, ಪಟ್ಟಿಗೆ ಕಣ್ಣು ಕೊಟ್ಟೆ. ನನ್ನ ಪಟ್ಟಿ ಬಹಳ ಬೇಗ ಒದ್ದೆಯಾಯಿತು. ಪಾಂಗಾಳದ ನೆನಪಾಗಿತ್ತು.

ಮೂರು ವಾರದ ಮೇಲೆ ಡಾಕ್ಟರು ಇಬ್ಬರನ್ನೂ ಕರೆಸಿದರು. ಮಾವನದ್ದರಲ್ಲಿ ಅನುಮಾನಪಡುವಂಥದ್ದು ಏನೂ ಕಂಡಿಲ್ಲ. ನನ್ನ ರಕ್ತದಲ್ಲೂ ಕಣ್ಣೀರಿನಲ್ಲೂ ಒಂದು ಅಂಶ ಇರಬೇಕಾದದ್ದಕ್ಕಿಂತ ಹೆಚ್ಚು ಇದೆ. ಇಷ್ಟರಿಂದಲೇ ಏನನ್ನೂ ಹೇಳಲಾಗದು, ಇನ್ನಷ್ಟು ಪರೀಕ್ಷೆ ಆಗಬೇಕು ಎಂದರು.

ಹೊರಗೆ ಬಸ್ ಸ್ಟಾಪಿನಲ್ಲಿ ನಿಂತೆವು. ಕಾರ್ಕಳದ ಬಸ್ಸು ಬಂದು ಹೊರಟೂ ಹೋಯಿತು. ಮಾವ ಗಡಿಯಾರ ನೋಡಲಿಲ್ಲ.

"ಈ ಟೈಮು ನನ್ನದಿತ್ತಲ್ಲ ಮಾರಾಯ, ನೀನು ಹಿಂದೆ ಬರುವ ಬಸ್ಸು," ಎಂದರು.

ಮರುದಿನ ಏಳಕ್ಕೆ ಫೋನು ಬಂತು. ನಾನು ಸ್ಟಾಪುಗಳನ್ನೆಲ್ಲ ಚೀಟಿಯಲ್ಲಿ ಬರೆದು ಕೈಯಲ್ಲಿ ಹಿಡಿದುಕೊಂಡಿದ್ದೆ. ಮಾವ ಪ್ರಶ್ನೆಯನ್ನೇ ಕೇಳಲಿಲ್ಲ. ಉದ್ಯಾವರ, ಕಟಪಾಡಿ, ಪಾಂಗಾಳ, ಕಾಪು ಎಂದು ತಾವೇ ನಿಧಾನವಾಗಿ ಹೇಳಿದರು. ಸ್ವರ ನಡುವೆ ಒಂದು ಕಡೆ ಒಡೆಯಿತು. ಉತ್ತರಕ್ರಿಯೆಗಳಲ್ಲಿ ಬಾರದಿದ್ದದ್ದು ಆಗ ಬಂದಿತ್ತೆಂದು ಕಾಣುತ್ತದೆ.

"ನೀನು ಹೇಳದಿದ್ದರೂ ಪಾಂಗಾಳದಲ್ಲಿ ಬಸ್ಸು ನಿಲ್ತದೆ. ಹೆದರಬೇಡ."

ಬರುವ ಸೋಮವಾರ ಹತ್ತು ಗಂಟೆಗೆ ನನಗೆ ಮಣಿಪಾಲದಲ್ಲಿ ಎರಡನೆಯ ಪರೀಕ್ಷೆ. ಕಾಪುವಿನಿಂದ ಮಣಿಪಾಲಕ್ಕೆ ಹೋಗುವಾಗ ಕಾರ್ಕಳ ದಾರಿಯಲ್ಲಿ ಸಿಕ್ಕುವುದಿಲ್ಲ. ಆದರೂ ಮಾವ ಮೊದಲು ಕಾರ್ಕಳಕ್ಕೆ, ನನ್ನಲ್ಲಿಗೆ ಬರುತ್ತಾರೆ.