ಚೀಟಿ ಎತ್ತದ ಕಾಕಾ

ನಮ್ಮ ಕಾಕಾ ಟಾಸ್ ಮುಗಿದ ಮೇಲೆಯೇ ಕ್ರಿಕೆಟ್ ನೋಡುವ ಮನುಷ್ಯ. ನಂಬುವುದಿಲ್ಲವೇ? ರಬಕವಿಗೆ ಬನ್ನಿ, ತೋರಿಸುತ್ತೇನೆ! ಇಬ್ಬರು ಕ್ಯಾಪ್ಟನ್‌ಗಳು ಮೈದಾನಕ್ಕಿಳಿಯುತ್ತಿದ್ದಂತೆ ಇವರು ಟಿವಿ ಮುಂದಿನಿಂದೆದ್ದು ಹಿತ್ತಲಿಗೆ ಹೋಗಿ ಬೇವಿನ ಗಿಡಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಅಲ್ಲಿಂದಲೇ ಕೂಗು: "ನಾಣ್ಯ ಕೆಳಗ ಬಿತ್ತೇನ್ಲೇ?" ನಾವು "ಬಿತ್ತು ಕಾಕಾ, ಬರ್ರಿ" ಎಂದ ಮೇಲೆ ಬಂದು ಕೂತು, ಕೊನೆಯ ಬಾಲಿನವರೆಗೂ ಕಣ್ಣು ಮಿಟುಕಿಸದೆ ನೋಡುತ್ತಾರೆ. ಏಕಾದಶಿಯ ಉಪವಾಸ ಬಿಟ್ಟಾರು, ಈ ವ್ರತ ಬಿಡಲಾರರು.

ಹರೆಯದಲ್ಲಿ ಕಾಕಾ ಇಸ್ಪೀಟ್ ಆಡುತ್ತಿದ್ದರಂತೆ. ಒಂದು ದಿನ ಬಿಟ್ಟುಬಿಟ್ಟರಂತೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ "ಬ್ಯಾಸರಾತು" ಎಂದು ಚಹಾದ ಕಪ್ಪಿಗೆ ಬಾಯಿ ಹಚ್ಚುತ್ತಿದ್ದರು. ಬೇಸರ ಬಂದು ಆಟ ಬಿಟ್ಟವನು ಟಿವಿಯೊಳಗಿನ ನಾಣ್ಯಕ್ಕೆ ಯಾಕೆ ಹೆದರಬೇಕು? ಸಮಾಜಕಾರ್ಯ ಓದಿ, ಜಮಖಂಡಿಯ ಕಾಲೇಜಿನಲ್ಲಿ ಅದನ್ನೇ ಕಲಿಸುವ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ ನೋಡಿ!

ಒಮ್ಮೆ ದೀಪಾವಳಿಗೆ ಬನಹಟ್ಟಿಯ ಅಂಗಡಿಯೊಂದರಲ್ಲಿ ಸೀರೆ ಕೊಂಡಾಗ ಲಕ್ಕಿ ಡ್ರಾ ಕೂಪನ್ ಕೊಟ್ಟರು. ಕಾಕಾ ಹಾವು ಮುಟ್ಟಿದಂತೆ ಕೈ ಹಿಂದಕ್ಕೆಳೆದುಕೊಂಡರು.

"ಫುಕಟ್ ಐತ್ರೀ ಯಜಮಾನರ, ತಗೋರಿ!" ಎಂದ ಅಂಗಡಿಯವನು.

"ಫುಕಟ್ ಐತಿ ಅಂತನ ಒಲ್ಲೆ."

ಪಕ್ಕದಲ್ಲಿ ಕಾಕಾನ ಹೆಂಡತಿ, ನಮ್ಮ ಕಾಕು ನಿಂತಿದ್ದರು. ಕಾಕಾ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಆ ಕೂಪನ್ ಕಾಕುವಿನ ಸೆರಗಿನ ಗಂಟು ಸೇರಿತ್ತು. ಮುಂದೆ ಬಹುಮಾನವೂ ಬಂತು, ಮೂರು ಅಂತಸ್ತಿನ ಸ್ಟೀಲಿನ ಡಬ್ಬಿ. ತವರುಮನೆಯಿಂದ ಬಂದದ್ದು ಎಂದು ಕಾಕು ಹೇಳಿಬಿಟ್ಟರು. ಕಾಕಾ ಇವತ್ತಿಗೂ ಅದರಲ್ಲೇ ಬುತ್ತಿ ಒಯ್ಯುತ್ತಾರೆ. "ನಿಮ್ಮ ತವರಮನ್ಯಾವರು ಏನ ಕೊಟ್ರೂ ಗಟ್ಟಿ ಕೊಡ್ತಾರ ನೋಡು" ಎಂದು ಹೊಗಳುತ್ತಾರೆ!

ಇನ್ನು ಕಾಕುವಿನ ಭಿಶಿಯ ಕತೆ. ಓಣಿಯ ಹೆಂಗಸರೆಲ್ಲ ತಿಂಗಳಿಗೊಮ್ಮೆ ದುಡ್ಡು ಕೂಡಿಸುತ್ತಾರೆ. ಚೀಟಿ ಎತ್ತಿ ಯಾರ ಹೆಸರು ಬಂತೋ ಅವರು ಒಯ್ಯುತ್ತಾರೆ. ತಮ್ಮ ಮನೆಯ ಪಡಸಾಲೆಯಲ್ಲಿ ಚೀಟಿ ಎತ್ತುವುದೇ? ಕಾಕಾ ಅಡ್ಡ ನಿಂತರು. "ಚೀಟಿ ಬ್ಯಾಡ. ವಯಸ್ಸಿನ ಪ್ರಕಾರ ಒಯ್ರಿ. ಎಲ್ಲಾರಕಿಂತ ಹಿರೇರು ಮೊದಲ ತಗೋರಿ."

ಎಲ್ಲರಿಗಿಂತ ಹಿರಿಯರು ಯಾರು? ಒಬ್ಬರೂ ಬಾಯಿ ಬಿಡಲಿಲ್ಲ! ಮೊಮ್ಮಕ್ಕಳ ಮದುವೆ ಮಾಡಿದವರೂ ಪಕ್ಕದವರ ಮುಖ ನೋಡಿದರು. ಆ ತಿಂಗಳ ದುಡ್ಡು ದೇವರ ಮುಂದೆ ವಾರಸುದಾರರಿಲ್ಲದೆ ಕೂತಿತು. ಮುಂದಿನ ತಿಂಗಳಿನಿಂದ ಭಿಶಿ ಎದುರು ಮನೆಗೆ ಹೋಯಿತು.

ಇಂಥ ಕಾಕಾನನ್ನು ಒಂದು ಟ್ರಸ್ಟಿನವರು ಕಮಿಟಿಗೆ ಸೇರಿಸಿಕೊಂಡರು. ಜೂಜಿನ ಚಟದ ಮೇಲೆ ಅಧ್ಯಯನ ಮಾಡುವವರಿಗೆ ಅನುದಾನ ಕೊಡುವ ಟ್ರಸ್ಟ್ ಅದು. ಬಂದ ಅರ್ಜಿಗಳನ್ನು ಪ್ರೊಫೆಸರುಗಳ ಜೊತೆಗೆ, ಆ ಚಟವನ್ನು ಉಂಡು ಬಿಟ್ಟವರೊಬ್ಬರೂ ಓದಬೇಕೆಂಬುದು ಅವರ ನಿಯಮ. ಅಧ್ಯಕ್ಷೆಯಾಗಿದ್ದ ನಿವೃತ್ತ ಪ್ರೊಫೆಸರ್ ಮೇಡಂ ರಬಕವಿಗೆ ಬಂದು ಸಭೆ ಕರೆದು, "ಹಿಂದೆ ಆಡಿದವರು ಯಾರಾದರೂ ಇದ್ದೀರಾ?" ಎಂದು ಕೇಳಿದರು. ಸಭೆಗೆ ಸಭೆಯೇ ಇಸ್ಪೀಟ್ ಎಲೆ ಮುಟ್ಟದ ಸಂತರ ಮಠವಾಯಿತು! ಎದ್ದು ನಿಂತವರು ಕಾಕಾ ಒಬ್ಬರೇ. "ನಾ ಆಡೇನ್ರಿ. ಭಾಳ ಆಡೇನಿ."

ಫಜೀತಿಯೆಂದರೆ, ಅದೇ ಟ್ರಸ್ಟಿಗೆ ನಾನೂ ಅರ್ಜಿ ಹಾಕಿದ್ದೆ. ಮಗ್ಗ ನಿಲ್ಲಿಸಿ ಮೊಬೈಲಿನಲ್ಲಿ ರಮ್ಮಿ ಆಡುತ್ತ ಕೂರುವ ಹುಡುಗರು ನಮ್ಮ ಕಡೆ ಹೆಚ್ಚಾಗಿದ್ದರು. ನನ್ನ ವಿದ್ಯಾರ್ಥಿಗಳಲ್ಲೂ ಇದ್ದರು. ಅವರು ಬಂದು ಅಂಜಿಕೆಯಿಲ್ಲದೆ ಮಾತಾಡಲು ಒಂದು ಕೋಣೆ ಮಾಡಬೇಕು, ಆಟ ಬಿಡಲು ಏನು ಅಡ್ಡ ಬರುತ್ತದೆಂದು ತಿಳಿಯಬೇಕು ಎಂಬುದು ನನ್ನ ಯೋಜನೆ. ಅನುದಾನ ಬಂದರೆ ಕೋಣೆ, ಇಲ್ಲದಿದ್ದರೆ ಇಲ್ಲ.

ಅರ್ಜಿ ಹಾಕಿದವರಲ್ಲಿ ನಾನೂ ಒಬ್ಬ ಎಂದು ತಿಳಿದ ಕೂಡಲೇ ಕಾಕಾ ಮೇಡಂಗೆ ಫೋನ್ ಮಾಡಿ, "ಇವ ನಮ್ಮಣ್ಣನ ಮಗರಿ, ಇವನ ಕಾಗದ ನಾ ಮುಟ್ಟಂಗಿಲ್ಲ" ಎಂದರು. ಅಷ್ಟಕ್ಕೇ ಬಿಟ್ಟರೆ ಅವರು ಕಾಕಾ ಹೇಗಾದಾರು? ನನಗೆ ಅವರ ಮನೆ ಬಾಗಿಲು ಬಂದ್! ಕಾಕು ಕಂಪೌಂಡಿನ ಮೇಲಿಂದ ನನಗೆ ರೊಟ್ಟಿ ದಾಟಿಸುವಾಗ ಒಳಗಿನ ಸುದ್ದಿಯನ್ನೂ ದಾಟಿಸುತ್ತಿದ್ದರು. ಯಾರೋ ಒಬ್ಬರು ತಮ್ಮ ಪ್ರಶ್ನೆಗಳಿಗೆ ಉತ್ತರಿಸಿದ ಜೂಜುಗಾರರಲ್ಲಿ ಒಬ್ಬನಿಗೆ ಲಕ್ಕಿ ಡ್ರಾದಲ್ಲಿ ಮೊಬೈಲ್ ಕೊಡುವುದಾಗಿ ಬರೆದಿದ್ದರಂತೆ. ಅದನ್ನೋದಿ ಕಾಕಾ ಅವತ್ತು ಊಟ ಬಿಟ್ಟರಂತೆ! ಒಮ್ಮೆ ಬಜಾರದಲ್ಲಿ ಸಿಕ್ಕಾಗ, ಹಬ್ಬದ ದಿನವೆಂದು ಅವರ ಕಾಲು ಮುಟ್ಟಲು ಬಾಗಿದೆ. ಚಂಗನೆ ಹಿಂದೆ ಸರಿದರು.

"ಏಯ್, ಕಮಿಟಿ ಮುಗೀಲಿ. ಆಮ್ಯಾಲೆ ನಮಸ್ಕಾರ ಮಾಡು."

ತೀರ್ಮಾನದ ದಿನ ಜಮಖಂಡಿಯಲ್ಲಿ ಸಭೆ ಸೇರಿತು. ಕೊನೆಗೆ ಒಂದೇ ಅನುದಾನ ಉಳಿಯಿತು, ಅರ್ಜಿ ಎರಡು: ನನ್ನದೊಂದು, ಮುಧೋಳದ ನರ್ಸ್ ಒಬ್ಬರದೊಂದು. ಇಬ್ಬರಿಗೂ ಸಮ ಅಂಕ. ಮೇಡಂ ನಮ್ಮಿಬ್ಬರನ್ನೂ, ನನ್ನ ಅರ್ಜಿ ಬಂತೆಂದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಿದ್ದ ಕಾಕಾನನ್ನೂ ಒಳಗೆ ಕರೆಸಿ, "ಇಂಥ ಸಂದರ್ಭದಲ್ಲಿ ಚೀಟಿ ಎತ್ತುವುದು ಬಹಳ ಕಡೆ ಇರುವ ಪದ್ಧತಿ, ಯಾರಿಗೂ ಅನ್ಯಾಯವಾಗುವುದಿಲ್ಲ" ಎಂದರು. ಮೇಜಿನ ಮೇಲೆ ಬೋಗುಣಿ, ಅದರಲ್ಲಿ ಮಡಚಿದ ಎರಡು ಚೀಟಿ. ಜೂಜಿನ ಅಧ್ಯಯನಕ್ಕೆ ಲಾಟರಿ! ನನಗೆ ನಗು ಬಂತು. ಕಾಕಾನ ಮುಖ ನೋಡಿದೆ, ನಗು ನಿಂತಿತು.

"ಹಿರೇರು ಅದಾರ, ಅಜ್ಜಾರ ತೆಗೀಲಿ ಬಿಡ್ರಿ. ನನ್ನದೇನೂ ತಕರಾರಿಲ್ಲ" ಎಂದರು ಆ ನರ್ಸ್, ಒಳ್ಳೆಯ ಮನಸ್ಸಿನಿಂದಲೇ.

ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಈ ಕೈ ಬ್ಯಾಡ್ರಿ. ಇದು ಒಮ್ಮೆ ಇವನ್ನ ಪಣಕ್ಕ ಇಟ್ಟ ಕೈ."

ಅವರು ಗದ್ದ ಎತ್ತಿ ತೋರಿಸಿದ್ದು ನನ್ನನ್ನು.

"ಇವ ಎರಡು ವರ್ಷದ ಕೂಸಿದ್ದ. ಇವರಪ್ಪ ಸೀರಿ ಮಾರಾಕ ಸೊಲ್ಲಾಪುರಕ್ಕ ಹೋಗಿದ್ದ. ನಾ ಇಸ್ಪೀಟಿನ ಅಂದರ್-ಬಾಹರ್ ಆಡಕೋತ, ಒಳಗ ಅಂತ ರೊಕ್ಕ ಹಚ್ಚಿ ಕುಂತಿದ್ದೆ. ಬಾಜೂ ಮನಿಯವ ಓಡಿ ಬಂದು, ಕೂಸು ಜ್ವರಕ್ಕ ಸೆಟೆದೈತಿ, ಏಳು ಅಂದ. ನಾ ಏಳಲಿಲ್ರಿ. ಇದೊಂದು ಆಟ ಅಂದೆ. ಮನಸಿನ್ಯಾಗ ಅನಕೊಂಡೆ, ರಾಜಾ ಒಳಗ ಬಿದ್ರ ಕೂಸು ಉಳೀತೈತಿ, ಹೊರಗ ಬಿದ್ರ ಇಲ್ಲ."

ಬೆನ್ನ ಹಿಂದಿನ ಕೈ ಬಿಡದೆಯೇ ಕಾಕಾ ಮುಂದುವರಿಸಿದರು.

"ಹೊರಗ ಬಿತ್ರಿ. ಆಮ್ಯಾಲೆ ಓಡಿದೆ. ಕೂಸಿನ್ನ ಎತಗೊಂಡು, ಹೋತು ಅಂತನ ತಿಳಕೊಂಡು, ಅಳಕೋತ ದವಾಖಾನಿಗೆ ಓಡಿದೆ. ಡಾಕ್ಟರ್ ಸೂಜಿ ಮಾಡಿದ್ರು, ಕೂಸು ಕಣ್ಣ ತೆರೀತು. ಎಲಿಗೆ ಏನೂ ಗೊತ್ತಿರಲಿಲ್ರಿ ಮೇಡಮ್ಮಾರ. ನಾ ಮಾತ್ರ ಎಲೀನ ಕೇಳಕೋತ ಕುಂತಿದ್ದೆ." ಅವರು ಬೋಗುಣಿಯತ್ತ ನೋಡಿದರು. "ಇಬ್ಬರೂ ಇಲ್ಲೇ ಅದಾರ. ಬಾಯಿ ಐತಿ. ಚೀಟೀನ ಯಾಕ ಕೇಳ್ತೀರಿ? ಅವರನ್ನ ಕೇಳ್ರಿ."

ಇಷ್ಟು ಹೇಳಿ ಹೊರಗೆ ಹೋಗಿ ಮತ್ತೆ ಬೆಂಚಿನ ಮೇಲೆ ಕೂತರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡು, ಬೋಗುಣಿಯನ್ನು ಪಕ್ಕಕ್ಕೆ ಸರಿಸಿ, "ನೀವು ಹೇಳಿ" ಎಂದರು. ಮೊದಲು ನಾನು ಹೇಳಿದೆ. ಆಮೇಲೆ ಮುಧೋಳದ ಆ ನರ್ಸ್ ತಂಗಿ, ಗಂಡ ಆಟಕ್ಕೆ ಹೋದಾಗ ಮನೆಯಲ್ಲಿ ಉಳಿಯುವ ಹೆಂಗಸರ ಬಗ್ಗೆ ಹೇಳಿದಳು. ಅಂಥ ಹೆಂಗಸರು ಆಗಲೇ ಅವಳ ಮನೆ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ನನ್ನ ಕಣ್ಣ ಮುಂದೆ ಬಂದವಳು ನನ್ನವ್ವ, ಸೆಟೆದ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲು ನೋಡುತ್ತಿದ್ದವಳು. ಅನುದಾನ ಆ ತಂಗಿಗೇ ಹೋಯಿತು. ಕಮಿಟಿಯಲ್ಲಿದ್ದರೆ ನಾನೂ ಅವಳಿಗೇ ಕೊಡುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಕಾಕಾ ನನ್ನಿಂದ ದೂರ ಕೂತಿದ್ದರು, ಸ್ಟೀಲಿನ ಡಬ್ಬಿ ತೊಡೆಯ ಮೇಲೆ.

"ಚೀಟಿ ಎತ್ತಿದ್ರ ನಿನ್ನ ಹೆಸರು ಬರತಿತ್ತೇನೋ" ಎಂದರು, ನನ್ನ ಕಡೆ ನೋಡದೆ. "ಸಿಟ್ಟ ಬಂದೈತೇನ್ಲೇ ತಮ್ಮಾ?"

ಎಂಥ ಸಿಟ್ಟು! ಆ ಎಲೆ ಒಳಗೆ ಬಿದ್ದಿದ್ದರೆ ಈ ಮನುಷ್ಯ ಗೆದ್ದ ಖುಷಿಯಲ್ಲಿ ಇನ್ನೊಂದು ಆಟಕ್ಕೆ ಕೂರುತ್ತಿದ್ದರು. ನಾನು ಇವತ್ತು ಇರುತ್ತಿರಲಿಲ್ಲ. ಅವತ್ತು ಅವರು ಸೋತದ್ದಕ್ಕೆ, ಸೋತೂ ಓಡಿದ್ದಕ್ಕೆ, ಇಷ್ಟು ವರ್ಷ ನಮ್ಮ ನಗುವನ್ನು ಸಹಿಸಿಕೊಂಡು ಬೇವಿನ ಗಿಡಕ್ಕೆ ಮುಖ ಮಾಡಿ ನಿಂತದ್ದಕ್ಕೆ ನಾನು ಋಣಿ. ಬರಿಗೈಯಲ್ಲಿ ಇಷ್ಟು ತುಂಬಿಕೊಂಡು ಊರಿಗೆ ಹೊರಟವನು ನಾನೊಬ್ಬನೇ ಇರಬೇಕು.

ಹೋಗಿ ಅವರ ಕಾಲು ಮುಟ್ಟಿದೆ.

"ಏನಿದು?" ಎಂದರು.

"ಕಮಿಟಿ ಮುಗೀತಲ್ಲ ಕಾಕಾ."

ಈ ಸಲ ಹಿಂದೆ ಸರಿಯಲಿಲ್ಲ. ಬೆನ್ನ ಹಿಂದೆ ಕಟ್ಟಿದ್ದ ಆ ಕೈ ನನ್ನ ತಲೆಯ ಮೇಲೆ ಬಂತು, ರಬಕವಿಯ ಬಸ್ಸು ಬರುವವರೆಗೂ ಅಲ್ಲೇ ಇತ್ತು.