ಸೀಟು ಹೇಳುವ ಮಾಮಾ

ಒಂದು ವಿಶ್ವವಿದ್ಯಾಲಯದಲ್ಲಿ ಯಾರಿಗೆ ಸೀಟು ಸಿಗಬೇಕೆಂದು ತೀರ್ಮಾನಿಸುವವರು ಯಾರು? ಕುಲಪತಿಗಳೇ? ಕುಲಸಚಿವರೇ? ನೀವು ಹಾಗೆ ನಂಬಿದ್ದರೆ ನಂಬಿಕೊಂಡಿರಿ, ನನ್ನದೇನೂ ತಕರಾರಿಲ್ಲ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಆ ಕೆಲಸ ನಡೆಯುತ್ತಿದ್ದದ್ದು ಖಾನಾಪುರದಲ್ಲಿ, ನನ್ನ ಸೋದರಮಾವನ ಮನೆಯ ಕಟ್ಟೆಯ ಮೇಲೆ! ವಿಶ್ವವಿದ್ಯಾಲಯದವರು ಆಮೇಲೆ ಅದನ್ನು ಟೈಪು ಮಾಡಿಸಿ ನೋಟೀಸ್ ಬೋರ್ಡಿಗೆ ಹಚ್ಚುತ್ತಿದ್ದರು, ಅಷ್ಟೇ.

ಮಾಮಾ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರು. ಹುಡುಗರಿಂದ ಹೂಜಿ, ಬಾಳೆಹಣ್ಣು ಬರೆಸುವ ಮನುಷ್ಯನಿಗೆ ಈ ವಿದ್ಯೆ ಎಲ್ಲಿಂದ ಒಲಿಯಿತೋ ದೇವರೇ ಬಲ್ಲ. ಅದರಲ್ಲೂ ಅವರು ಸಾಮಾನ್ಯ ಸೀಟಿಗೆಲ್ಲ ಬಾಯಿ ತೆರೆಯುತ್ತಿರಲಿಲ್ಲ. ನಮ್ಮ ರಾಜ್ಯದೊಳಗಿನ ಸೀಟಾದರೆ "ಅದನ್ನ ಯಾರ ಬೇಕಾದ್ರೂ ಹೇಳತಾರ, ಪೇಪರ್ ನೋಡ್ರಿ" ಎಂದು ಬಂದವರನ್ನು ಅಟ್ಟಿಬಿಡುತ್ತಿದ್ದರು. ಬೇರೆ ರಾಜ್ಯದ ಸರಕಾರಿ ವಿಶ್ವವಿದ್ಯಾಲಯ, ಅಲ್ಲಿ ಹೊರಗಿನವರಿಗೆಂದು ಇಟ್ಟ ಬೆರಳೆಣಿಕೆಯ ಸೀಟು, ಅದಕ್ಕೆ ಮುಗಿಬಿದ್ದ ಹತ್ತಾರು ಊರಿನ ಮಕ್ಕಳು! ಇಂಥ ಗಂಟು ಬಿದ್ದರೆ ಮಾತ್ರ ಮಾಮಾ ಕನ್ನಡಕ ಏರಿಸುತ್ತಿದ್ದರು.

"ಹೊರಗಿನವ್ರಿಗೆ ಸೀಟು ಮಾರ್ಕ್ಸ್ ಮ್ಯಾಲ ಸಿಗೂದಿಲ್ಲ. ಮುಂದಿನವ್ರು ಬಿಟ್ಟ ಹೋದ್ರ ಸಿಗತೈತಿ. ಅದಕ ನಿನ್ನ ಮಾರಿ ನೋಡಿ ನಾ ಏನ ಮಾಡ್ಲಿ? ನಿನ್ನ ಮುಂದ ನಿಂತವರ ಮಾರಿ ನೋಡಬೇಕು" ಎನ್ನುವುದು ಅವರ ಸಿದ್ಧಾಂತ.

ಒಮ್ಮೆ ಸಾಂಬ್ರಾದಿಂದ ಒಬ್ಬರು ಮಗನನ್ನು ಕರೆದುಕೊಂಡು ಬಂದರು. ತಮಿಳುನಾಡಿನಲ್ಲಿ ಎಂಜಿನಿಯರಿಂಗಿಗೆ ಅರ್ಜಿ ಹಾಕಿದ ಹುಡುಗ. ಅಂಕಗಳೋ, ಕೇಳಿದರೆ ಎದೆ ಝಲ್ಲೆನ್ನಬೇಕು! ಮಾಮಾ ಅಂಕಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಊಟಕ್ಕೆ ಕೂಡಿಸಿ, ಬರೀ ಅನ್ನ-ಸಾರು ಬಡಿಸಲು ಮಾಮಿಗೆ ಸನ್ನೆ ಮಾಡಿದರು. ಹುಡುಗ ನಾಲ್ಕು ತುತ್ತು ತಿಂದು, "ರೊಟ್ಟಿ ಇಲ್ಲೇನ್ರೀ?" ಎಂದ.

"ಸೀಟು ಸಿಗತೈತಿ," ಎಂದರು ಮಾಮಾ, "ಆದ್ರ ಇಂವಾ ಅಲ್ಲಿ ಉಳಿಯೂದಿಲ್ಲ. ಇವನ ಹಿಂದ ನಿಂತ ಹುಡುಗನ ಭಾಗ್ಯಾ ತೆರೀತು!"

ಹಾಗೇ ಆಯಿತು. ಸೀಟು ಸಿಕ್ಕಿತು, ಹುಡುಗ ಹೋದ, ಗಣಪತಿ ಕೂಡ್ರಿಸುವುದರೊಳಗೆ ಟ್ರಂಕಿನೊಡನೆ ಮರಳಿ ಬಂದ. "ನಿಮ್ಮ ಬಾಯಿಂದನ ಹಿಂಗಾತು!" ಎಂದು ತಂದೆ ಜಗಳಕ್ಕೇ ಬಂದರು. "ನನ್ನ ಬಾಯಿ ಅಲ್ರೀ, ನಿಮ್ಮ ಮಗನ ಹೊಟ್ಟಿ" ಎಂದರು ಮಾಮಾ.

ಆದರೆ ಅವರ ನಿಜವಾದ ಪ್ರತಾಪ ನೋಡಬೇಕಾದರೆ ಕೌನ್ಸೆಲಿಂಗ್ ದಿನ ಅವರ ಜೊತೆ ಹೋಗಬೇಕು. ರಜೆ ಹಾಕಿ, ಕಂಡವರ ಮಕ್ಕಳ ಜೊತೆ ಪರವೂರಿಗೆ ಹೋಗಿ, ಅಲ್ಲಿನ ವರಾಂಡದಲ್ಲಿ ಕುಳಿತುಬಿಡುತ್ತಿದ್ದರು. ಬಂದವರ ಕೈಯಲ್ಲಿ ಏನಿದೆ ಎಂಬುದೇ ಅವರ ಪಂಚಾಂಗ. "ಬರೇ ಫೈಲ್ ತಂದಾವ ಊರು ನೋಡಾಕ ಬಂದಾನ. ಹಾಸಗಿ ಸುರಳಿ ತಂದಾವ ವಿಚಾರ ಮಾಡಾಕತ್ತಾನ. ಉಪ್ಪಿನಕಾಯಿ ಭರಣಿ ಕಂಡ್ರ ಮುಗೀತು, ಆ ಸೀಟಿನ ಆಶಾ ಬಿಡ್ರಿ. ಅವರವ್ವ ಮನಸು ಗಟ್ಟಿ ಮಾಡ್ಯಾಳ!" ಎಷ್ಟು ಸರಿ ಅಲ್ಲವೇ? ಮಗನಿಗಾಗಿ ಭರಣಿ ತುಂಬಿ, ಬಟ್ಟೆ ಬಿಗಿದು ಕಟ್ಟಿದ ತಾಯಿ ಅರ್ಧ ಅತ್ತು ಮುಗಿಸಿರುತ್ತಾಳೆ. ಇದು ಯಾವ ಕುಲಸಚಿವರಿಗೆ ಹೊಳೆದೀತು ಹೇಳಿ! ಮಧ್ಯಾಹ್ನದ ಹೊತ್ತಿಗೆ ಹೆಸರೇ ಕೇಳದ ಊರುಗಳ ತಂದೆತಾಯಿಗಳೆಲ್ಲ ಮಾಮಾನ ಸುತ್ತ ನೆರೆದಿರುತ್ತಿದ್ದರು. ಕನ್ನಡದವರಿಗೆ ಕನ್ನಡ, ಮರಾಠಿಯವರಿಗೆ ಮರಾಠಿ, ಉಳಿದವರಿಗೆ ಕೈಸನ್ನೆ. ಹೇಳಿದ್ದು ಒಂದೂ ತಪ್ಪುತ್ತಿರಲಿಲ್ಲ. ನಾನು ಬಾಯಿ ತೆರೆದು ನೋಡುತ್ತಿದ್ದೆ. ಇಂದಿಗೂ ಅಂಥ ಮನುಷ್ಯನನ್ನು ಬೇರೆ ಕಂಡಿಲ್ಲ.

ಕೊನೆಗೆ ನನ್ನ ಸರದಿಯೂ ಬಂತು.

ಬೀಡಿ ಎಂಬ ಹಳ್ಳಿಯಲ್ಲಿ ನಮ್ಮಜ್ಜಿಯ ಎಮ್ಮೆ ಕರು ಹಾಕಲಾರದೆ, ಡಾಕ್ಟರು ಬರುವುದರೊಳಗೆ ಸತ್ತದ್ದನ್ನು ನೋಡಿದ ಮೇಲೆ ನಾನು ದನದ ಡಾಕ್ಟರಾಗಬೇಕೆಂದು ಹಟ ಹಿಡಿದಿದ್ದೆ. ನಮ್ಮ ರಾಜ್ಯದ ಸೀಟು ಕೂದಲೆಳೆಯಲ್ಲಿ ತಪ್ಪಿತು. ಉಳಿದದ್ದು ಮಹಾರಾಷ್ಟ್ರದ ಒಂದು ವಿಶ್ವವಿದ್ಯಾಲಯ. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುತ್ತಿದ್ದ ಅಪ್ಪ, "ಇದೊಂದು ನೋಡೂಣು. ಆಗಲಿಲ್ಲಂದ್ರ ಮನಿ ಬಾಜು ಕಾಲೇಜಿನ್ಯಾಗ ಬಿ.ಕಾಂ." ಎಂದುಬಿಟ್ಟರು. ಎಮ್ಮೆಗೂ ಬಿ.ಕಾಂ.ಗೂ ಏನು ಸಂಬಂಧ? ನನಗೆ ಅನ್ನ ಸೇರದಾಯಿತು.

ಮಾಮಾ ಲಿಸ್ಟು ನೋಡಿದರು. ಕಾಯುವವರ ಸಾಲಿನಲ್ಲಿ ನನ್ನ ಮುಂದೆ ಒಬ್ಬಳೇ ಹುಡುಗಿ. ಯಾರು ಯಾರನ್ನೋ ವಿಚಾರಿಸಿ ಅವಳ ಮನೆತನವನ್ನೆಲ್ಲ ಪತ್ತೆ ಮಾಡಿಕೊಂಡು ಬಂದರು.

"ಅವರಪ್ಪ ದನದ ಡಾಕ್ಟರ್, ಅಣ್ಣ ದನದ ಡಾಕ್ಟರ್. ಆಕಿ ಬಿಡೂದಿಲ್ಲ. ನಿನಗ ಸಿಗೂದಿಲ್ಲ ತಂಗಿ."

"ಮಾಮಾ, ಸುಮ್ನರ ಸಿಗತೈತಿ ಅನ್ರೆಲಾ!"

"ಮಂದಿಗೆ ಒಂದು, ಮನಿಯವ್ರಿಗೆ ಒಂದು ಹೇಳಾಕ ಬರತೈತೇನ?"

ಎಂಥ ಕಲ್ಲು ಮನುಷ್ಯ ಎನಿಸಿತು. ಆದರೂ ಕೌನ್ಸೆಲಿಂಗಿಗೆ ಅವರೇ ಬಂದರು. ಅವರ ಮಾತಿನ ಮೇಲೆ ಭರವಸೆಯಿಟ್ಟು ನಾವು ಹಾಸಿಗೆಯನ್ನೂ ಒಯ್ಯಲಿಲ್ಲ, ಬರೀ ಫೈಲು. ವರಾಂಡದ ಆ ತುದಿಯಲ್ಲಿ ಆ ಹುಡುಗಿ ಕುಳಿತಿದ್ದಳು. ಅವಳ ಮಡಿಲಲ್ಲಿ ಬಿಳಿ ಬಟ್ಟೆ ಕಟ್ಟಿದ, ಮಗುವಿನಷ್ಟು ದೊಡ್ಡ ಉಪ್ಪಿನಕಾಯಿ ಭರಣಿ! ಮಾಮಾ ಅದನ್ನು ನೋಡಿದರು, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಅಂದು ಯಾರೇ ಬಂದು ಕೇಳಿದರೂ ಅವರು ಬಾಯಿ ಬಿಡಲಿಲ್ಲ.

ಹುಡುಗಿಯ ಹೆಸರು ಕರೆದರು. ಒಳಗೆ ಹೋದಳು, ಹೋದಷ್ಟೇ ಬೇಗ ಹೊರಗೆ ಬಂದಳು. ಅವಳಿಗೆ ನಮ್ಮ ರಾಜ್ಯದಲ್ಲೇ ಸೀಟು ಸಿಕ್ಕಿತ್ತಂತೆ, ಇದು ಬೇಡವೆಂದು ಬರೆದುಕೊಟ್ಟಳಂತೆ. ಮಾಮಾ ತಡೆಯಲಾರದೆ ಎದ್ದು ಹೋಗಿ ಕೇಳಿದರು, "ಮತ್ತ ಈ ಭರಣಿ?"

"ನಮ್ಮಕ್ಕನ್ನ ಈ ಊರಿಗೇ ಕೊಟ್ಟಿದೆ ಅಂಕಲ್. ಆಕೆಗೆ ಅಮ್ಮ ಕಳಿಸಿದ್ದು."

ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ಸಹಿ ಹಾಕಿ ಹೊರಗೆ ಬಂದರೆ, ಮಾಮಾ ವರಾಂಡದಲ್ಲಿ ಕಂಡಕಂಡವರ ಕೈ ಹಿಡಿದು, "ನನ್ನ ಲೆಕ್ಕಾ ತಪ್ಪೇತ್ರೀ! ಚುಕಲೋ, ಮೀ ಚುಕಲೋ!" ಎಂದು ಎರಡೂ ಭಾಷೆಯಲ್ಲಿ ತಮ್ಮ ಸೋಲನ್ನು ಸಾರುತ್ತಿದ್ದರು. ಇಷ್ಟು ವರ್ಷ ಕಟ್ಟಿಕೊಂಡ ಹೆಸರನ್ನು ಇಷ್ಟು ಖುಷಿಯಿಂದ ಹಾಳುಮಾಡಿಕೊಂಡವರನ್ನು ನೀವು ನೋಡಿದ್ದೀರಾ? ಆಮೇಲೆ ಪೇಟೆಗೆ ಓಡಿ ಹೊಸ ಗಾದಿಯೊಂದನ್ನು ತಂದು, ತಲೆಯ ಮೇಲೆ ಹೊತ್ತುಕೊಂಡೇ ಹಾಸ್ಟೆಲಿನ ಗೇಟು ದಾಟಿದರು. ವಾಚ್‌ಮನ್‌ಗೂ ತಾವು ತಪ್ಪಿದ ಕಥೆ ಹೇಳದೆ ಬಿಡಲಿಲ್ಲ.

ದಸರೆಯ ರಜೆಗೆ ಖಾನಾಪುರಕ್ಕೆ ಬಂದಾಗ, ಅಡುಗೆಮನೆಯಲ್ಲಿ ಮಾಮಿಯ ಮುಂದೆ ಭರಣಿಯ ಕಥೆ ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾಮಿ ನಗಲಿಲ್ಲ. ಹೊರಗೆ ಮಾಮಾ ಕಟ್ಟೆಯ ಮೇಲಿದ್ದಾರೆಯೇ ಎಂದು ಇಣುಕಿ ನೋಡಿ, ದನಿ ತಗ್ಗಿಸಿದರು.

"ಲಗ್ನಾ ಆದಾಗಿಂದ ಅವ್ರು ಗುಡಿ ಮೆಟ್ಟಲಾ ಹತ್ತಿದ್ದು ನಾ ನೋಡಿಲ್ಲ. ನಿನಗ ಸಿಗೂದಿಲ್ಲ ಅಂದ್ರಲಾ, ಅದರ ಮರುದಿನದಿಂದ ದಿನಾ ಮುಂಜಾನೆ ಜಳಕಾ ಮಾಡಿ ಹಣಮಪ್ಪನ ಗುಡಿಗೆ ಹೋಗಾಕ ಹತ್ತಿದ್ರು. ಏನ ಬೇಡಕೊಳ್ಳತಾರ ಅಂತ ನಾ ಒಂದಿನ ಹಿಂದ ಹೋಗಿ ನಿಂತೆ. ಕೈ ಮುಗದು ಅನ್ನಾಕತ್ತಿದ್ರು, 'ಇಷ್ಟ ದಿನಾ ನಾ ಅಂದಿದ್ದೆಲ್ಲಾ ಖರೇ ಮಾಡಿದೆಪಾ. ನಮ್ಮ ಹುಡಗಿದೊಂದು ಸುಳ್ಳ ಮಾಡು.'"