ಹಿಡಿದೆ ಅನ್ನೋತನಕ ಬಿಡದಾಕಿ

ನನ್ನ ಮೊಮ್ಮಗಳ ಕೈಯಿಂದ ಒಂದು ಲೋಟ ಚಹಾ ಇಸ್ಕೊಂಡು ಬಿಸಿ ಇರುವಾಗಲೇ ಕುಡಿದವರಿಗೆ ಎಮ್ಮಿಗನೂರಾಗ ಸನ್ಮಾನ ಮಾಡಬೇಕು! ಲೋಟ ಕೊಡ್ತಾಳ, ಬಿಡಂಗಿಲ್ಲ. ನಾವು ಬಾಯಿ ಬಿಟ್ಟು "ಹಿಡಿದೆ" ಅನ್ನಬೇಕು. ಆಮೇಲೇ ಬಿಡ್ತಾಳ. ಇಂಥ ಮಳ್ಳಿ ಇನ್ಯಾರ ಮನ್ಯಾಗ ಅದಾಳ, ಹೇಳ್ರಿ!

ಆಕೀನ ನೋಡಾಕ ಆದೋನಿಯಿಂದ ಗಂಡಿನ ತಾಯಿ ಬಂದಿದ್ದಳು. ಆಯಮ್ಮ ಲೋಟ ಎಳೆದಳು. ಇಕಿ, "ಹಿಡಿದ್ರೇನ್ರಿ?" ಅಂದಳು. ಆಯಮ್ಮ ಗತ್ತಿನಾಕಿ, ಬಾಯಿ ಬಿಡಲಿಲ್ಲ. ಚಹಾ ಆರಿತು. ಸಂಬಂಧಾನೂ ಆರಿತು!

ಇಂಥಾಕಿ ಕರ್ನೂಲಿನ ಕಾಲೇಜಿನಾಗ ಚಿಪ್ ಮಾಡೋರಿಗೆ ಅಂತ ಹೊಸ ಭಾಷೆ ಕಟ್ಟ್ಯಾಳ.

"ಕನ್ನಡ, ತೆಲುಗು ಎರಡೂ ಸಾಲಲಿಲ್ಲೇನೇ?" ಅಂದೆ.

"ಅವ್ವಾ, ಇದು ಕಂಪ್ಯೂಟರಿಗೆ. ಚಿಪ್ಪಿನಾಗ ಒಬ್ಬೊಬ್ಬರು ಒಂದೊಂದು ತುಂಡು ಬರೀತಾರ. ಈ ತುಂಡು ಆ ತುಂಡಿಗೆ ಅಂಕಿ ದಾಟಿಸ್ತೈತಿ. ಅದು ತಗೊಳ್ಳೋದರೊಳಗ ಇದು ಬಿಟ್ಟರ ಕೆಟ್ಟಂಗ. ಹಂಗ ಬರೆದ್ರ ನನ್ನ ಭಾಷೆ ಒಪ್ಪಂಗಿಲ್ಲ. ಮೊದಲೇ ಬೈತೈತಿ."

"ಬೈಯೋದಾದ್ರ ಅದು ನನ್ನ ಭಾಷೆ!"

"ಮತ್ತ ಯಾರದು?" ಅಂದಳು.

ಖರೇನ. ಸಣ್ಣಾಕಿ ಇದ್ದಾಗ, ಮಗ್ಗದ ಹಳೇ ಹಾಸಿನ, ಅಂದ್ರ ಉದ್ದೆಳಿಗಳ, ತುದಿಗೆ ಹೊಸ ಹಾಸು ಕೂಡಿಸುವಾಗ ನನಗ ಒಂದೊಂದೇ ಎಳಿ ಕೊಡ್ತಿದ್ದಳು. ನಾನು ಬೆರಳಿಗೆ ಬೂದಿ ಹಚ್ಚಿಕೊಂಡು ಹೊಸೀತಿದ್ದೆ. ಒಂದ್ಸಲ ನಾನು ಹಿಡಿಯೋದರೊಳಗ ಬಿಟ್ಟಳು. ಅಂಚಿನ ಕೆಂಪು ಎಳಿ ಜಾರಿ ಬಿಳಿ ಎಳಿಗೆ ಕೂಡಿತು. ಸೀರಿ ಉದ್ದಕ್ಕೂ ಕೆಂಪು ಗೀರು! ಅಂಗಡ್ಯಾಗ ಯಾರೂ ಮುಟ್ಟಲಿಲ್ಲ. "ನಾ ಹಿಡಿದೆ ಅನ್ನೋದರೊಳಗ ಬಿಟ್ಟರ ಕೈ ಮುರೀತೀನಿ" ಅಂದಿದ್ದೆ. ಅದನ್ನೇ ಭಾಷೆ ಮಾಡ್ಯಾಳ ನೋಡ್ರಿ! ಜಂಬ ಅಂತೀರಾ? ಅನ್ರಿ.

ಆ ಭಾಷೆಯಾಗ ಬರೆದ ಮೊದಲ ಚಿಪ್ ಮಾಡಿಸಾಕ ಕಳಿಸಿದ್ದಳು. "ಇದು ಕೆಟ್ಟರ ನಿನ್ನ ಭಾಷೆ ಇಲ್ಲಿಗೇ ಬಿಡಮ್ಮ" ಅಂದಿದ್ರಂತ ಆಕಿ ಕಾಲೇಜಿನ ಸಾರು. ನೇಯ್ದದ್ದು ತಪ್ಪಿದ್ರ ಬಿಚ್ಚಬಹುದು. ಚಿಪ್ ಬಿಚ್ಚಾಕ ಬರಂಗಿಲ್ಲ. ಚಿಪ್ ಬರೋತನಕ ಆಕಿ ಊಟ ಮಾಡಲಿಲ್ಲ, ನಾನು ಬೈಯೋದು ಬಿಡಲಿಲ್ಲ.

ಹೋದ ಆದಿತ್ಯವಾರ ಓಡಿ ಬಂದಳು. "ನಡೀತವ್ವಾ! ಒಂದೂ ತಪ್ಪಿಲ್ಲ. ಸಾರೇ ಕೈ ಮುಗಿದ್ರು!"

"ನನ್ನ ಬೈಗುಳ ಐತಿ ಅದರಾಗ. ಹೆಂಗ ತಪ್ಪತೈತಿ?"

ಹೆಬ್ಬೆರಳ ಉಗುರಿನಷ್ಟು ಐತಿ ಆ ಚಿಪ್. ಅದನ್ನ ನನ್ನ ಅಂಗೈಯಾಗ ಇಟ್ಟು, ಮ್ಯಾಲೆ ತನ್ನ ಕೈ ಮುಚ್ಚಿ, "ಹಿಡಿದೀ ಏನವ್ವಾ?" ಅಂದಳು.

ಹಿಡಿದಿದ್ದೆ. ಆದ್ರ ಅನ್ನಲಿಲ್ಲ.

ಅಂದ್ರ ಬಿಟ್ಟುಬಿಡ್ತಾಳಲ್ಲ!